ಕ್ಯಾಂಪ್ ಟ್ರೇಲರ್‌ನಲ್ಲಿ ಮರುಭೂಮಿಗೆ ಹೊರಟವರೇ, ಮುಂಗಡ ಕೊಡುವ ಮೊದಲು ಇದನ್ನು ಓದಿ

ಕಲಬುರಗಿಯ ವಾಟ್ಸಾಪ್ ಗುಂಪುಗಳಲ್ಲಿ ಆ ವಿಡಿಯೊ ಮತ್ತೆ ಓಡಾಡುತ್ತಿದೆ. ಮರಳುದಿಬ್ಬದ ಪಕ್ಕ ಬಿಳಿ ಟ್ರೇಲರ್, ಒಳಗೆ ಹಾಸಿಗೆ, ಪುಟ್ಟ ಅಡುಗೆಕಟ್ಟೆ, ಕಿಟಕಿಗೆ ಸಾಲು ದೀಪ. ಜೋಧ್‌ಪುರದಲ್ಲಿ ಜೀಪು ಮತ್ತು ಟ್ರೇಲರ್ ಕೊಡುತ್ತಾರಂತೆ, ನಾವೇ ಓಡಿಸಿಕೊಂಡು ಜೈಸಲ್ಮೇರ್ ಸುತ್ತಬಹುದಂತೆ. ಎಳ್ಳ ಅಮಾವಾಸ್ಯೆ ಮುಗಿಸಿ ಹೋಗೋಣ ಅಂತ ನಮ್ಮ ಓಣಿಯಲ್ಲೇ ಎರಡು ಮನೆಯವರು ಮಾತಾಡಿಕೊಳ್ಳುತ್ತಿದ್ದಾರೆ.

ಕಳೆದ ಚಳಿಗಾಲ ನಾವು ಹೋಗಿದ್ದು ಇದೇ ಪ್ಯಾಕೇಜಿನಲ್ಲಿ. ನಾನು, ನನ್ನ ಗಂಡ, ಅತ್ತೆ, ಮೈದುನ, ಮಗಳು. ಎಲ್ಲರೂ ಉಸಿರಾಡಿಕೊಂಡು ವಾಪಸ್ ಬಂದಿದ್ದೇವೆ, ಅದು ನಮ್ಮ ಪುಣ್ಯ. ಹೋಗಲೇಬೇಡಿ ಅಂತ ನಾನು ಹೇಳುವುದಿಲ್ಲ. ಥಾರ್ ಮರುಭೂಮಿ ನೋಡಬೇಕಾದ ಜಾಗವೇ. ಆದರೆ ವಿಡಿಯೊದಲ್ಲಿ ಹಾಸಿಗೆ ನೋಡಿ ದುಡ್ಡು ಹಾಕಬೇಡಿ. ಆ ಟ್ರೇಲರ್‌ನ ಟೈರು, ಜೀಪಿಗೆ ಸೇರಿಸುವ ಕೊಂಡಿ, ಗಾಳಿಕಿಂಡಿ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನಮ್ಮ ಕಡೆಯವರಿಗೆ ಮರುಭೂಮಿ ಅಂದರೆ ಒಂದು ಧೈರ್ಯ ಇರುತ್ತದೆ. ಬಿಸಿಲು ನಾಡಿನವರು, ಮೇ ತಿಂಗಳಲ್ಲಿ 43 ಡಿಗ್ರಿ ಕಂಡವರು, ನಮಗೇನು ಹೊಸದು ಅಂತ. ಹಾಗಾಗಿ ಹೋಗುವವರ ತಯಾರಿ ಎಲ್ಲ ಬಿಸಿಲಿಗೇ ಇರುತ್ತದೆ. ಟೋಪಿ, ಓಆರ್‌ಎಸ್, ನೀರಿನ ಕ್ಯಾನು. ಇನ್ನೊಂದು ಧೈರ್ಯ ಟ್ರ್ಯಾಕ್ಟರಿನದು. ತೊಗರಿ ತುಂಬಿದ ಟ್ರಾಲಿಯನ್ನು ಗಂಜ್ ಮಾರುಕಟ್ಟೆಗೆ ಎಳೆದುಕೊಂಡು ಬಂದವನಿಗೆ ಈ ಡಬ್ಬಿ ಯಾವ ಲೆಕ್ಕ? ಮೈದುನ ಇಪ್ಪತ್ತರ ವಯಸ್ಸಿನಿಂದ ಟ್ರಾಲಿ ಹೊಡೆದವನು. ಏಜೆಂಟ್ ಕೂಡ ಅದನ್ನೇ ಹಿಡಿದುಕೊಂಡು, ‘ಹಂಗಾದ್ರ ನಿಮಗ ಹೇಳೋದೇ ಬ್ಯಾಡ ಬಿಡ್ರಿ’ ಅಂದ. ಹೇಳುವುದು ಬಹಳ ಇತ್ತು. ಟ್ರ್ಯಾಕ್ಟರ್ ಹೋಗುವ ವೇಗವೇ ಬೇರೆ, ಹೆದ್ದಾರಿಯಲ್ಲಿ ಜೀಪಿನ ಹಿಂದೆ ಟ್ರೇಲರ್ ಹೋಗುವ ವೇಗವೇ ಬೇರೆ.

ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಮುಂಬೈ, ಬಾಂದ್ರಾದಿಂದ ಸೂರ್ಯನಗರಿ ಎಕ್ಸ್‌ಪ್ರೆಸ್‌ನಲ್ಲಿ ಜೋಧ್‌ಪುರ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಜೊತೆಗಿತ್ತು, ಪ್ರಯಾಣ ಸುಖವಾಗಿಯೇ ಆಯಿತು. ಟ್ರೇಲರ್ ಒಪ್ಪಿಸಿದ ಮನುಷ್ಯ ಹಾಸಿಗೆ ಹೇಗೆ ಮಡಚುವುದು, ಟಿವಿ ಹೇಗೆ ಹಾಕುವುದು ಅಂತ ತೋರಿಸಿದ. ನೀರಿನ ಡ್ರಮ್ಮು, ಸಿಲಿಂಡರು, ಕುರ್ಚಿ, ಟೇಬಲ್ಲು ಎಲ್ಲವನ್ನೂ ಅವನ ಹುಡುಗರೇ ಟ್ರೇಲರ್‌ನ ಹಿಂಭಾಗಕ್ಕೆ ತುಂಬಿದರು. ಭಾರ ಎಲ್ಲಿರಬೇಕು ಅನ್ನುವ ಮಾತೇ ಬರಲಿಲ್ಲ.

ಜೋಧ್‌ಪುರದಿಂದ ಜೈಸಲ್ಮೇರ್ ಸುಮಾರು 280 ಕಿಲೋಮೀಟರ್. ರಸ್ತೆ ನೇರ, ನುಣುಪು, ಕಾಲು ತಾನಾಗೇ ಒತ್ತುತ್ತದೆ. ಪೋಖ್ರಾನ್ ಇನ್ನೂ ದೂರ ಇರುವಾಗ ದೊಡ್ಡ ಲಾರಿಯೊಂದು ನಮ್ಮನ್ನು ದಾಟಿ ಹೋಯಿತು. ಅದರ ಗಾಳಿ ಹೊಡೆದದ್ದೇ ತಡ, ಹಿಂದಿನ ಟ್ರೇಲರ್ ಬಾಲ ಬೀಸಲು ಶುರು ಮಾಡಿತು. ಮೊದಲು ಸಣ್ಣಗೆ, ಆಮೇಲೆ ಜೀಪಿನ ಹಿಂಭಾಗವನ್ನೇ ಎತ್ತಿ ಎತ್ತಿ ಪಕ್ಕಕ್ಕೆ ಎಸೆಯುವಷ್ಟು. ಒಳಗಿನ ಪಾತ್ರೆ ಪಗಡೆ ಬೀಳುವ ಸದ್ದು ನಮಗೆ ಜೀಪಿನಲ್ಲಿ ಕೇಳುತ್ತಿತ್ತು. ಮೈದುನ ಬ್ರೇಕ್ ಮುಟ್ಟಲಿಲ್ಲ. ಸ್ಟೇರಿಂಗ್ ನೇರ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದ. ವೇಗ ಇಳಿದ ಮೇಲೆ ಅದು ತಾನೇ ತಣ್ಣಗಾಯಿತು. ಬ್ರೇಕ್ ಒತ್ತಿದ್ದರೆ ಮುಂದಿನ ಗಾಡಿ ನಿಧಾನವಾಗುತ್ತದೆ, ಹಿಂದಿನದು ತಳ್ಳುತ್ತದೆ, ಎರಡೂ ಮಡಚಿಕೊಂಡು ಪಲ್ಟಿ ಹೊಡೆಯುತ್ತವೆ.

ಮುಂದಿನ ಧಾಬಾದಲ್ಲಿ ಒಬ್ಬ ಸರ್ದಾರ್ಜಿ ಲಾರಿ ಡ್ರೈವರ್ ಟ್ರೇಲರ್ ನೋಡಿದವರೇ ತಲೆ ಅಲ್ಲಾಡಿಸಿದರು. ಭಾರ ಎಲ್ಲಾ ಹಿಂದೆ ಇದೆ, ಕೊಂಡಿಯ ಮೇಲೆ ತೂಕವೇ ಇಲ್ಲ, ಮತ್ತೆ ಬಾಲ ಬೀಸದೆ ಏನು ಮಾಡುತ್ತದೆ ಅಂದರು. ಈಗ ಓದಿ ತಿಳಿದಿದ್ದೇನೆ. ಟ್ರೇಲರ್‌ನ ಒಟ್ಟು ತೂಕದ 10ರಿಂದ 15 ಶೇಕಡಾ ಮುಂದಿನ ಕೊಂಡಿಯ ಮೇಲೆ ಕೂರಬೇಕು. 1000 ಕಿಲೋ ಟ್ರೇಲರ್ ಇದ್ದರೆ 100ರಿಂದ 150 ಕಿಲೋ. ನೀರು ಒಂದು ಲೀಟರಿಗೆ ಒಂದು ಕಿಲೋ, ಹಾಗಾಗಿ ಹಿಂದಿನ ಒಂದು ದೊಡ್ಡ ಡ್ರಮ್ಮೇ ಸಾಕು ಲೆಕ್ಕ ಕೆಡಿಸಲು. ಅವರು ನಮ್ಮ ಜೊತೆ ನಿಂತು ಡ್ರಮ್ಮುಗಳನ್ನು ಚಕ್ರದ ಅಚ್ಚಿನ ಮುಂದಕ್ಕೆ ಸರಿಸಿ ಕಟ್ಟಿಸಿದರು. ಕೊಂಡಿಯ ಕೆಳಗೆ ಎರಡು ಸರಪಳಿ ಅಡ್ಡಡ್ಡ ಹಾಕಿರಬೇಕಿತ್ತು. ಒಂದೇ ಇತ್ತು, ಅದೂ ತಂತಿ ಸುತ್ತಿದ್ದು. ಇನ್ನೊಂದನ್ನು ತಮ್ಮ ಲಾರಿಯಿಂದಲೇ ತೆಗೆದು ಕೊಟ್ಟರು. ಆ ಪುಣ್ಯಾತ್ಮರ ಹೆಸರು ಕೇಳಲೂ ಆಗಲಿಲ್ಲ, ಹೊರಟೇ ಹೋದರು.

ಪೋಖ್ರಾನ್ ದಾಟಿದ ಮೇಲೆ ಟೈರು ಸಿಡಿಯಿತು. ನೋಡಲು ಹೊಸ ಟೈರಿನಂತೆಯೇ ಇತ್ತು, ಗೆರೆಗಳು ಸವೆದೇ ಇರಲಿಲ್ಲ. ಟೈರಿನ ಪಕ್ಕೆಯಲ್ಲಿ ಡಿಓಟಿ ಅಂತ ಶುರುವಾಗುವ ಬರಹದ ಕೊನೆಗೆ ನಾಲ್ಕು ಅಂಕಿ ಇರುತ್ತವೆ. ಧೂಳು ಒರೆಸಿ ನೋಡಿದರೆ 2714. ಮೊದಲಿನ ಎರಡು ಅಂಕಿ ವಾರ, ಆಮೇಲಿನ ಎರಡು ವರ್ಷ. ಅಂದರೆ 2014ರ 27ನೇ ವಾರ ತಯಾರಾದ ಟೈರು! ಟ್ರೇಲರ್‌ಗಳು ವರ್ಷದಲ್ಲಿ ಬಹಳ ದಿನ ನಿಂತೇ ಇರುತ್ತವೆ. ಗೆರೆ ಸವೆಯುವುದಿಲ್ಲ, ಆದರೆ ಬಿಸಿಲಿಗೆ ರಬ್ಬರು ಒಳಗೊಳಗೇ ಸಾಯುತ್ತದೆ. ಐದಾರು ವರ್ಷ ದಾಟಿದ ಟೈರಿದ್ದರೆ ಆ ಗಾಡಿ ಬೇಡ ಅನ್ನಿ. ಸ್ಟೆಪ್ನಿ ಬೇರೆ ಅಳತೆಯದು, ಕೂರಲೇ ಇಲ್ಲ. ಪಂಕ್ಚರ್ ಅಂಗಡಿಯವನು ಬರುವ ಹೊತ್ತಿಗೆ ಸಂಜೆ ಆಗಿತ್ತು. ಮಾಲೀಕನಿಗೆ ಫೋನ್ ಮಾಡಿದರೆ, ‘ಟೈರ್ ನಿಮ್ಮ ಖರ್ಚು’ ಅಂದ.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಗಾಡಿ ಅಂದಮೇಲೆ ಇದೆಲ್ಲ ಇರುತ್ತದೆ ಅಂತ ಸುಮ್ನೆ ಇರುತ್ತಿದ್ದೆ.

ಜೈಸಲ್ಮೇರ್‌ನಿಂದ 40 ಕಿಲೋಮೀಟರ್ ಆಚೆ ಸಮ್ ಮರಳುದಿಬ್ಬಗಳು. ಅಲ್ಲಿ ಸಾಲು ಸಾಲು ಟೆಂಟ್ ಕ್ಯಾಂಪುಗಳಿವೆ. ಒಂದು ಕ್ಯಾಂಪಿನ ಪಕ್ಕ, ಗಟ್ಟಿ ನೆಲದ ಮೇಲೆ ಟ್ರೇಲರ್ ನಿಲ್ಲಿಸಿದೆವು. ಹಗಲು ಸ್ವೆಟರ್ ಬೇಡ ಅನ್ನಿಸುತ್ತದೆ. ಸೂರ್ಯ ಮುಳುಗಿದ ಮೇಲೆ ಚಳಿ ನೆಲದಿಂದಲೇ ಏಳುತ್ತದೆ. ಗಾಳಿಯಲ್ಲಿ ತೇವ ಇಲ್ಲ, ಮೋಡ ಇಲ್ಲ, ಮರಳು ಕುಡಿದ ಕಾವೆಲ್ಲ ಆಕಾಶಕ್ಕೆ ಹೋಗಿಬಿಡುತ್ತದೆ. ಡಿಸೆಂಬರ್ ಕೊನೆ, ಜನವರಿಯಲ್ಲಿ ಅಲ್ಲಿ ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುವುದು ಮಾಮೂಲು. ತಗಡಿನ ಗೋಡೆ ಮುಟ್ಟಿದರೆ ಕೈ ಜುಮ್ ಅನ್ನುತ್ತಿತ್ತು. ಅತ್ತೆಗೆ ಮಂಡಿ ನೋವು ಬೇರೆ.

ಟ್ರೇಲರ್ ಜೊತೆ ಒಂದು ಗ್ಯಾಸ್ ಹೀಟರ್ ಕೊಟ್ಟಿದ್ದರು. ಸಣ್ಣ ಸಿಲಿಂಡರಿನ ತಲೆಗೆ ತಿರುಗಿಸಿ ಹಾಕುವುದು, ಹಚ್ಚಿದರೆ ಜಾಲರಿ ಕೆಂಪಗೆ ಕಾಯುತ್ತದೆ. ಒಪ್ಪಿಸುವಾಗಲೇ ಆ ಮನುಷ್ಯ, ‘ರಾತ್ರಿ ಬಾಗಿಲು ಹಾಕಿಕೊಂಡು ಇದನ್ನು ಹಚ್ಚಿ, ಬೆಚ್ಚಗೆ ಮಲಗಬಹುದು’ ಅಂತ ತಾನೇ ಹೇಳಿದ್ದ. ಹಾಗೆಯೇ ಮಲಗಿದೆವು.

ನಡುರಾತ್ರಿ ಅತ್ತೆ ಎದ್ದು ಕೂತು, ‘ಯಾಕೋ ತಲಿ ಭಾಳ ನೋಯ್ಲಕತ್ತದ ನೋಡವ್ವಾ’ ಅಂದರು. ನನಗೂ ತಲೆ ಹಿಂಡುತ್ತಿತ್ತು, ನಿದ್ದೆಗಣ್ಣು ಅಂದುಕೊಂಡೆ. ಅಷ್ಟರಲ್ಲಿ ಮಗಳು ವಾಂತಿ ಮಾಡಿಕೊಂಡಳು. ಧಾಬಾದ ಊಟ ಕೆಟ್ಟಿರಬೇಕು ಅಂತ ಗಂಡ ಗೊಣಗಿದರು, ಏಳಲು ಹೋದವರು ಗೋಡೆ ಹಿಡಿದುಕೊಂಡರು. ಅತ್ತೆ ಅವತ್ತು ಊಟವನ್ನೇ ಮಾಡಿರಲಿಲ್ಲ, ಬರೀ ಹಾಲು ಕುಡಿದಿದ್ದರು. ಊಟ ಮಾಡದವರಿಗೂ, ಮಾಡಿದವರಿಗೂ ಒಂದೇ ಹೊತ್ತಿಗೆ ಒಂದೇ ತಲೆನೋವು. ಅದು ಹೊಳೆದ ಕೂಡಲೇ ಮೈದುನ ಬಾಗಿಲು ಒದ್ದು ತೆಗೆದು ಎಲ್ಲರನ್ನೂ ಹೊರಗೆ ಎಳೆದ. ಮಗಳನ್ನು ಎತ್ತಿಕೊಳ್ಳಲು ನನ್ನ ಕೈಯಲ್ಲಿ ಬಲವೇ ಇರಲಿಲ್ಲ. ಒಳಗೆ ಯಾವ ವಾಸನೆಯೂ ಇರಲಿಲ್ಲ, ಹೊಗೆಯೂ ಇರಲಿಲ್ಲ. ಇದನ್ನು ಮರೆಯಬೇಡಿ.

ಇನ್ನೊಂದು ಮಾತು. ಕರೋನಾ ಕಾಲದಲ್ಲಿ ತಂದ ಆಕ್ಸಿಮೀಟರ್ ಅತ್ತೆಯ ಚೀಲದಲ್ಲೇ ಇತ್ತು. ಬೆರಳಿಗೆ ಹಾಕಿದರೆ 98 ತೋರಿಸಿತು! ಆಕ್ಸಿಜನ್ ಸರಿ ಇದೆ, ಗಾಬರಿ ಬೇಡ ಅಂತ ಅಲ್ಲೇ ಉಳಿಯುವವರಿದ್ದೆವು. ಪಕ್ಕದ ಕ್ಯಾಂಪಿನ ಹುಡುಗ ಕೇಳಲಿಲ್ಲ. ತನ್ನ ಗಾಡಿ ತೆಗೆದು ಜೈಸಲ್ಮೇರ್‌ನ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿನ ಡಾಕ್ಟರ್ ಬಿಡಿಸಿ ಹೇಳಿದರು. ಇದು ಕಾರ್ಬನ್ ಮೋನಾಕ್ಸೈಡ್. ಮುಚ್ಚಿದ ಜಾಗದಲ್ಲಿ ಬೆಂಕಿಗೆ ಗಾಳಿ ಸಾಲದಾದಾಗ ಹುಟ್ಟುವ ವಿಷ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗದಲ್ಲಿ ಇದು ಹೋಗಿ ಕೂರುತ್ತದೆ, ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ. ಬೆರಳಿನ ಯಂತ್ರಕ್ಕೆ ಇವೆರಡರ ವ್ಯತ್ಯಾಸ ಗೊತ್ತಾಗುವುದಿಲ್ಲ, ಅದಕ್ಕೇ ಚೆನ್ನಾಗಿದ್ದೀರಿ ಅಂತ ಸುಳ್ಳು ಹೇಳುತ್ತದೆ. ಬರೀ ಹೊರಗಿನ ಗಾಳಿ ಕುಡಿದರೆ ಆ ವಿಷದ ಅರ್ಧ ಇಳಿಯಲು ನಾಲ್ಕೈದು ತಾಸು ಬೇಕು. ಮಾಸ್ಕ್ ಹಾಕಿ ಶುದ್ಧ ಆಕ್ಸಿಜನ್ ಕೊಟ್ಟರೆ ಸುಮಾರು ಒಂದೂವರೆ ತಾಸು ಸಾಕು. ಮಗಳಿಗೂ ಅತ್ತೆಗೂ ಬೆಳಗಿನವರೆಗೆ ಮಾಸ್ಕ್ ಹಾಕಿದ್ದರು. ನಿದ್ದೆಯಲ್ಲೇ ಇದ್ದಿದ್ದರೆ ತಲೆನೋವೂ ಗೊತ್ತಾಗದೆ ಹೋಗಿಬಿಡುತ್ತಿದ್ದೆವು. ಉತ್ತರದ ಕಡೆ ಕೋಣೆಯಲ್ಲಿ ಅಂಗೀಠಿ, ಅಂದರೆ ಕೆಂಡದ ಒಲೆ, ಹಚ್ಚಿ ಮಲಗಿ ಇಡೀ ಸಂಸಾರವೇ ಏಳದ ಸುದ್ದಿ ಪ್ರತಿ ಚಳಿಗಾಲವೂ ಪೇಪರಿನಲ್ಲಿ ಬರುತ್ತದಲ್ಲ, ಅದೇ ಇದು.

ಮರುದಿನ ಹಗಲಿನಲ್ಲಿ ಟ್ರೇಲರ್ ಪೂರ್ತಿ ತಡಕಿದೆವು. ಸಿಂಕಿನ ಕೆಳಗೆ, ನೆಲಕ್ಕೆ ಹತ್ತಿ, ಅಂಗೈ ಅಗಲದ ಒಂದು ಗಾಳಿಕಿಂಡಿ ಇತ್ತು. ಅದರ ಮೇಲೆ ಕಂದು ಬಣ್ಣದ ಪ್ಯಾಕಿಂಗ್ ಟೇಪು, ಒಂದರ ಮೇಲೊಂದು ಮೂರು ಪದರ, ಅಂಚಿನಲ್ಲಿ ಮರಳು ಕಚ್ಚಿಕೊಂಡು ಗಟ್ಟಿಯಾಗಿತ್ತು. ಮೇಲ್ಛಾವಣಿಯ ಕಿಂಡಿಗೂ ಹಾಗೇ ಟೇಪು, ಅದರ ಮೇಲೆ ಅಲಂಕಾರಕ್ಕೆ ಬಟ್ಟೆ ಹೊಡೆದು ಮುಚ್ಚಿದ್ದರು. ಮರಳು ಬರುತ್ತದೆ, ಗಿರಾಕಿಗಳು ಕಿರಿಕಿರಿ ಮಾಡುತ್ತಾರೆ, ಅದಕ್ಕೇ ಮುಚ್ಚಿದ್ದೇವೆ ಅಂತ ಮಾಲೀಕ ಫೋನಿನಲ್ಲಿ ರಾಜಾರೋಷವಾಗಿ ಹೇಳಿದ. ಮನುಷ್ಯರು ಮಲಗುವ ಜಾಗದ ಉಸಿರನ್ನೇ ಟೇಪು ಹಾಕಿ ಮುಚ್ಚುವುದು ಅಂದರೇನು? ನೆಲದ ಕಿಂಡಿ ಇರುವುದಕ್ಕೆ ಇನ್ನೂ ಒಂದು ಕಾರಣ ಇದೆ. ಅಡುಗೆ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಕೆಳಗೆ ಹರಡಿ ನಿಲ್ಲುತ್ತದೆ, ಅಲ್ಲಿಂದ ಹೊರಗೆ ಹೋಗಲೆಂದೇ ಆ ಕಿಂಡಿ.

ಬಾಣಂತಿ ಕೋಣೆಯಲ್ಲಿ ಕೆಂಡ ಇಟ್ಟು ನಾವು ಬೆಳೆದಿಲ್ಲವೇ ಅಂತ ಊರಿಗೆ ಬಂದ ಮೇಲೆ ಎಷ್ಟೋ ಜನ ಕೇಳಿದರು. ನಮ್ಮ ಹಳೇ ಮಣ್ಣಿನ ಮನೆಗಳ ಮಾಳಿಗೆಯಲ್ಲಿ ಬೆಳಕಿಂಡಿ ಇರುತ್ತಿತ್ತು, ಬಾಗಿಲ ಸಂದಿನಲ್ಲಿ ಗಾಳಿ ಆಡುತ್ತಿತ್ತು. ಈಗಿನ ಆರ್‌ಸಿಸಿ ಕೋಣೆಯಲ್ಲಿ ಕಿಟಕಿ ಮುಚ್ಚಿ ಕೆಂಡ ಇಟ್ಟರೆ ತಾಯಿ, ಕೂಸು ಇಬ್ಬರಿಗೂ ಇದೇ ಅಪಾಯ. ಬೀದರ್ ಕಡೆ ಚಳಿ ಜಾಸ್ತಿ, ಅಲ್ಲಿಯ ನಮ್ಮ ಬೀಗರಿಗೂ ಹೇಳಿದ್ದೇನೆ. ಬಚ್ಚಲಮನೆಯ ಒಳಗೆ ಗ್ಯಾಸ್ ಗೀಸರ್ ಇದ್ದವರಂತೂ ಇವತ್ತೇ ಅದನ್ನು ಹೊರಗೆ ಹಾಕಿಸಿ.

ಈಗ ಹೊರಟಿರುವವರಿಗೆ. ಏಜೆಂಟ್‌ಗೆ ಹಾಸಿಗೆಯ ಫೋಟೊ ಕೇಳಬೇಡಿ. ಟೈರಿನ ನಾಲ್ಕು ಅಂಕಿಯ ಫೋಟೊ ಕೇಳಿ, ಸ್ಟೆಪ್ನಿಯದೂ ಸೇರಿಸಿ. ಎರಡೂ ಗಾಳಿಕಿಂಡಿ ತೆರೆದಿರುವ ಫೋಟೊ ಕೇಳಿ. ಟ್ರೇಲರ್‌ನ ಆರ್‌ಸಿ, ವಿಮೆ ಕೇಳಿ. ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ, ಅದಕ್ಕೂ ಬೇರೆ ನೋಂದಣಿ ಬೇಕು. ನಮಗೆ ಕೊಟ್ಟಿದ್ದರ ಮೇಲೆ ಜೀಪಿನ ನಂಬರ್ ಬಿಟ್ಟರೆ ಅದರದೇ ನಂಬರ್ ಇರಲಿಲ್ಲ. ನಾವೇ ಓಡಿಸುವ ಬಾಡಿಗೆ ಗಾಡಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರಬೇಕು. ಬಿಳಿ ಫಲಕದ್ದನ್ನು ಕೊಟ್ಟರೆ ಮುಟ್ಟಬೇಡಿ, ಅಪಘಾತವಾದರೆ ವಿಮೆಯವರು ಕೈ ಎತ್ತಬಹುದು. ಕಾರ್ಬನ್ ಮೋನಾಕ್ಸೈಡ್ ಅಲಾರಂ ಅಂತ ಬ್ಯಾಟರಿಯ ಸಣ್ಣ ಡಬ್ಬಿ ಸಿಗುತ್ತದೆ, ಒಯ್ಯಿರಿ. ಗ್ಯಾಸ್ ಸೋರಿಕೆಯ ಅಲಾರಂ ಬೇರೆ, ಇದು ಬೇರೆ, ಕೊಳ್ಳುವಾಗ ಓದಿ ನೋಡಿ. ಅಲಾರಂ ಇದೆ ಅಂತ ಹೀಟರ್ ಹಚ್ಚಿಕೊಂಡು ಮಾತ್ರ ಮಲಗಬೇಡಿ. ದಪ್ಪ ರಜಾಯಿ ಕೇಳಿ, ಜೋಧ್‌ಪುರದಲ್ಲೇ ಸಿಗುತ್ತವೆ. ಎಲ್ಲರಿಗೂ ಒಟ್ಟಿಗೆ ತಲೆ ನೋಯಿತು ಅಂದರೆ ಮೊದಲು ಹೊರಗೆ ಓಡಿ, ಆಮೇಲೆ 108ಕ್ಕೆ ಫೋನ್ ಮಾಡಿ.

ಟ್ರೇಲರ್ ಮಾಲೀಕ ನಮ್ಮ ಠೇವಣಿಯನ್ನು ಟೈರಿನ ನೆಪ ಹೇಳಿ ಇಟ್ಟುಕೊಂಡಿದ್ದಾನೆ. ಅಲ್ಲಿಗೆ ಹೋಗಿ ಜಗಳ ಮಾಡಲು ಆಗುತ್ತದಾ ಅಂತ ಬಹಳ ಜನ ಬಿಟ್ಟುಬಿಡುತ್ತಾರೆ. ಹೋಗುವುದು ಬೇಕಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡುವ ಅವಕಾಶ ಇದೆ. ಮೊದಲು ಗ್ರಾಹಕರ 1915 ಸಹಾಯವಾಣಿಗೂ ಹೇಳಬಹುದು. ದುಡ್ಡು ಕಳಿಸಿದ ರಸೀದಿ, ಏಜೆಂಟ್ ಜೊತೆಗಿನ ಚಾಟ್, ಆಸ್ಪತ್ರೆಯ ಚೀಟಿ, ಟೇಪು ಹಚ್ಚಿದ ಕಿಂಡಿಯ ಫೋಟೊ, ಎಲ್ಲ ಇಟ್ಟುಕೊಂಡು ನಾವು ಕಲಬುರಗಿಯಲ್ಲೇ ದೂರು ಹಾಕಿದ್ದೇವೆ. ಇದೇ ಪ್ಯಾಕೇಜಿನಲ್ಲಿ ಹೋಗಿ ತೊಂದರೆಪಟ್ಟವರು ಇನ್ನೂ ಇದ್ದರೆ ನಿಮ್ಮ ಕಾಗದಗಳನ್ನು ತೆಗೆದಿಟ್ಟುಕೊಳ್ಳಿ, ನೀವೂ ಹಾಕಿ.