ವಿಜಯಪುರದಲ್ಲಿ ಹೈಬ್ರಿಡ್ ಸೈಕಲ್: 2,640 ಕಿ.ಮೀ. ಆದ ಮೇಲೆ

ಕಳೆದ ದೀಪಾವಳಿಗೆ ಕೊಂಡ ಹೈಬ್ರಿಡ್ (ರಸ್ತೆ ಸೈಕಲ್ಲಿಗೂ ಗುಡ್ಡಗಾಡಿನ ಸೈಕಲ್ಲಿಗೂ ನಡುವಿನ) ಸೈಕಲ್ಲಿನ ಮೀಟರು ಈಗ 2,640 ತೋರಿಸುತ್ತಿದೆ. ಬೆಲೆ 17,800 ರೂಪಾಯಿ, 21 ಗೇರು, ಎರಡೂ ಗಾಲಿಗೆ ಡಿಸ್ಕ್ ಬ್ರೇಕು, 35 ಮಿ.ಮೀ. ಟೈರು. ಕಂಪನಿ ಹೆಸರು ಬೇಡ. ಈ ದರದ ಹೈಬ್ರಿಡ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ತಾಯಿಯ ಮಕ್ಕಳು. ನಾನು ನಲವತ್ತಾರರ ಹೈಸ್ಕೂಲ್ ಮಾಸ್ತರ. ವಾರಕ್ಕೆ ನಾಲ್ಕು ಬೆಳಗು, ಹೆಚ್ಚಾಗಿ ಇಬ್ರಾಹಿಂ ರೋಜಾ ದಾಟಿ ತೊರವಿವರೆಗೆ. ಮನಸ್ಸು ಬಂದ ಭಾನುವಾರ ತಿಕೋಟಾ ಅಥವಾ ಸಾರವಾಡ.

ಕೊಳ್ಳುವಾಗ ಅಂಗಡಿಯಲ್ಲಿ ಒಂದು ತಾಸು ಗೇರಿನ ಬಗ್ಗೆಯೇ ಕೇಳಿದೆ. ಟೈರಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಮೊದಲ ನಾಲ್ಕು ತಿಂಗಳಲ್ಲಿ 11 ಪಂಚರ್. ಅದು ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರ್ ಬಂದರೆ ಸೈಕಲ್ಲಿನವನು ರಸ್ತೆ ಬಿಟ್ಟು ಇಳಿಯಲೇಬೇಕು. ಇಳಿದಲ್ಲಿ ಬಳ್ಳಾರಿ ಜಾಲಿ, ಅದಿಲ್ಲದಿದ್ದರೆ ನೆಗ್ಗಿಲ ಮುಳ್ಳು. ಸಾಲದ್ದಕ್ಕೆ ನನ್ನ ಟ್ಯೂಬಿಗೆ ಬಂದದ್ದು ಪ್ರೆಸ್ಟಾ ವಾಲ್ವ್, ಸಾದಾ ಪಂಪು ಕೂಡದ ಸಣ್ಣ ಬಾಯಿಯದು. ತಿಕೋಟಾದಲ್ಲಿ ಪಂಚರ್ ಹುಡುಗ ಅದನ್ನು ತಿರುಗಿಸಿ ನೋಡಿ, "ಇದೇನ್ರಿ ಸರ, ಸೂಜಿ ಇದ್ದಂಗೈತಿ" ಎಂದು ಕೈಚೆಲ್ಲಿದ. ಅವತ್ತು ಮನೆಗೆ ಬಂದದ್ದು ಟಂಟಂನಲ್ಲಿ, ಸೈಕಲ್ ಮೇಲೆ, ನಾನು ಒಳಗೆ. ಅದಕ್ಕೆ ಸಾದಾ ಪಂಪು ಕೂಡಿಸುವ 40 ರೂಪಾಯಿಯ ಅಡಾಪ್ಟರ್ ಒಂದು ಜೇಬಿನಲ್ಲಿದ್ದಿದ್ದರೆ ಆ ಕಥೆಯೇ ಇರುತ್ತಿರಲಿಲ್ಲ.

ಟ್ಯೂಬಿನೊಳಗೆ ಹಾಕುವ, ತೂತನ್ನು ತಾನೇ ಮುಚ್ಚುವ ದ್ರವ (ಸೀಲಂಟ್) ತರಿಸಿದೆ, 350 ರೂಪಾಯಿ. ಏಪ್ರಿಲ್ ಬಿಸಿಲಿಗೆ ಅದು ಒಣಗಿ ಗೋಂದಿನ ಹಕ್ಕಳೆಯಾಯಿತು. ಕೊನೆಗೆ ಉಪಾಯ ಹೇಳಿದ್ದು ನಮ್ಮ ಓಣಿಯ ಸೈಕಲ್ ರಿಪೇರಿ ಚಾಚಾ. ಹಳೇ ಟ್ಯೂಬೊಂದನ್ನು ಉದ್ದಕ್ಕೆ ಸೀಳಿ, ಅಂಚನ್ನು ಉಜ್ಜಿ ನುಣುಪು ಮಾಡಿ, ಟೈರಿನೊಳಗೆ ಹಾಸಿಗೆಯಂತೆ ಹಾಸಿದರು. ಅಂಚು ಉಜ್ಜದಿದ್ದರೆ ಅದೇ ಹೊಸ ಟ್ಯೂಬನ್ನು ತಿನ್ನುತ್ತದಂತೆ. ಎರಡೂ ಗಾಲಿಗೆ 80 ರೂಪಾಯಿ. ಭಾರ ಆಗುವುದಿಲ್ಲವೇ ಅಂದೆ. "ಆಗ್ತೈತ್ರಿ. ನೀವೇನು ಒಲಿಂಪಿಕ್ಸಿಗೆ ಹೊಂಟೀರೇನು?" ಆಮೇಲೆ ಇಲ್ಲಿಯವರೆಗೆ ಎರಡೇ ಪಂಚರ್, ಅದರಲ್ಲೊಂದು ಮೊಳೆ.

ಗೇರಿನ ವಿಷಯ. ನಮ್ಮ ನೆಲ ಹಂಚಿನಂತೆ ಸಮ. 21ರಲ್ಲಿ ನಾನು ಬಳಸುವುದು ನಾಲ್ಕೈದು. ಆದರೆ ಆಷಾಢದಲ್ಲಿ ಪಡುವಣ ಗಾಳಿ ಎದ್ದರೆ ತಿಕೋಟಾ ರಸ್ತೆಯೇ ಘಟ್ಟವಾಗುತ್ತದೆ. ಹೋಗಲು ಒಂದೂವರೆ ತಾಸು, ಬರಲು ಮುಕ್ಕಾಲು. ಪೆಡಲ್ ಬಳಿಯ ಸಣ್ಣ ಹಲ್ಲುಚಕ್ರಕ್ಕೆ ಚೈನು ಇಳಿದದ್ದು ಆ ಒಂದು ತಿಂಗಳು ಮಾತ್ರ. ಒಮ್ಮೆ ಹಾಗೆ ಏದುಸಿರು ಬಿಡುತ್ತಿದ್ದಾಗ ಕ್ರೀಡಾ ಹಾಸ್ಟೆಲ್ಲಿನ ಹುಡುಗಿಯರು ಒಬ್ಬರ ಹಿಂದೊಬ್ಬರು ಸಾಲಾಗಿ, ಮುಂದಿನವಳ ಬೆನ್ನ ಮರೆಯಲ್ಲಿ ಗಾಳಿ ತಪ್ಪಿಸಿಕೊಳ್ಳುತ್ತ ಪಕ್ಕದಲ್ಲೇ ಹಾದುಹೋದರು. ನಾನೂ ಬಾಲದಂತೆ ಹತ್ತಿಕೊಂಡೆ. ಎರಡು ವಿದ್ಯುತ್ ಕಂಬದ ದೂರ, ಅಷ್ಟೇ!

ಡಿಸ್ಕ್ ಬ್ರೇಕು ಊರೊಳಗಿನ ದನ, ನಾಯಿ, ಆಟೋಗಳ ನಡುವೆ ಚೆನ್ನಾಗಿ ಹಿಡಿಯುತ್ತದೆ. ಪ್ಯಾಡು ಒಮ್ಮೆ ಬದಲಿಸಿದ್ದೇನೆ. ಸೀಟು ಮೊದಲ ತಿಂಗಳು ಶಿಕ್ಷೆ, ಆಮೇಲೆ ಮರೆತುಹೋಯಿತು. ಹಿಡಿಕೆಯ ರಬ್ಬರು ಬೇಸಿಗೆಗೆ ಕರಗಿ ಅಂಟಂಟಾಯಿತು; ಮನೆಯವಳು ಹಳೇ ಇಳಕಲ್ ಸೀರೆಯ ಅಂಚು ಸುತ್ತಿಕೊಟ್ಟಿದ್ದಾಳೆ, ಕಂಪನಿಯದಕ್ಕಿಂತ ಅದೇ ವಾಸಿ.

ಈ ಸೈಕಲ್ ಸೋತದ್ದು ಎರೆಮಣ್ಣಿಗೆ. ಡೋಣಿ ಹೊಳೆಯ ಸೀಮೆಯ ಬಗ್ಗೆ ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಅನ್ನುತ್ತಾರಲ್ಲ, ಆ ಕಾಳು ಕೊಡುವ ಮಣ್ಣು ಅದು, ಗಾಲಿಗೆ ದಾರಿ ಕೊಡುವುದಿಲ್ಲ. ಜನವರಿಯಲ್ಲಿ ಸಾರವಾಡದ ಹತ್ತಿರ ಪರಿಚಯದವರ ಹೊಲಕ್ಕೆ ಸೀತನಿ (ಸುಟ್ಟ ಎಳೆ ಜೋಳ) ತಿನ್ನಲು ಇದೇ ಸೈಕಲ್ಲಿನಲ್ಲಿ ಆರಾಮಾಗಿ ಹೋಗಿದ್ದೆ. ಅದೇ ಧೈರ್ಯದ ಮೇಲೆ ಸೆಪ್ಟೆಂಬರಿನಲ್ಲಿ, ರಾತ್ರಿ ಮಳೆಯಾದ ಮರುದಿನ, ಅದೇ ಬಂಡಿದಾರಿಗೆ ಇಳಿಸಿದೆ. ನೂರು ಹೆಜ್ಜೆ ಹೋಗುವಷ್ಟರಲ್ಲಿ ಫೋರ್ಕು (ಮುಂದಿನ ಗಾಲಿ ಹಿಡಿದ ಕವಲು) ಮತ್ತು ಟೈರಿನ ನಡುವೆ ಮಣ್ಣು ಗಚ್ಚಿನಂತೆ ತುಂಬಿ ಗಾಲಿ ತಿರುಗುವುದೇ ನಿಂತಿತು. ತೊಗರಿ ಕಡ್ಡಿಯಿಂದ ಕೆದರಿದೆ. ನಾಲ್ಕು ಹೆಜ್ಜೆಗೆ ಮತ್ತೆ ತುಂಬಿತು. ಹೆಗಲಿಗೇರಿಸಿದೆ. ಹದಿನಾಲ್ಕು ಕಿಲೋ ಸೈಕಲ್ಲು, ಅದರ ಮೇಲೆ ಏಳೆಂಟು ಕಿಲೋ ಎರೆ. ಬದುವಿನ ಮೇಲೆ ಕೂತಿದ್ದ ಅಜ್ಜ ನೋಡಿ, "ಯಪ್ಪಾ, ಅದನ್ನ ನೀ ಹತ್ತೀಯೋ, ನಿನ್ನ ಅದು ಹತ್ತೇತೋ?" ಅಂದ.

ಕೊಳ್ಳುವವರು ಅಂಗಡಿಯಲ್ಲೇ ಟೈರು ಮತ್ತು ಫೋರ್ಕಿನ ನಡುವೆ ಬೆರಳು ತೂರಿಸಿ ನೋಡಿ. ನನ್ನದರಲ್ಲಿ ಕಿರುಬೆರಳೂ ಹೋಗುವುದಿಲ್ಲ, ಹಾಗಾಗಿ ಇನ್ನೂ ಅಗಲದ ಟೈರು ಹಾಕುವಂತಿಲ್ಲ. ಗೇರು ಏಳಿದ್ದರೂ ನಡೆಯುತ್ತದೆ.

ಹಿಂದಿನ ಟೈರು ಸವೆದಿದೆ. ಅದೇ ಅಳತೆಯ ಹೊಸದು ಬಂದು ಜಗಲಿ ಮೇಲೆ ಬಿದ್ದಿದೆ. ಒಳಗೆ ಹಾಸಲು ಹಳೇ ಟ್ಯೂಬು ಬೇಕು. ಚಾಚಾನ ಅಂಗಡಿಗೆ ಇವತ್ತು ಶುಕ್ರವಾರದ ರಜೆ, ನಾಳೆ ಹೋಗಬೇಕು.