ವಾರ್, ಲೆಟ್, ಕಾನ್ಸ್ಟ್: ಮೂರನ್ನೂ ಬಳಸಿ ನೋಡಿದ ಮೇಲೆ

ಒಂದು ಪುಟ್ಟ ವೆಬ್ ಪೇಜ್, ಅದರಲ್ಲಿ ಮೂರು ಬಟನ್. ಒತ್ತಿದ ಬಟನ್ ತನ್ನ ನಂಬರ್ ತೋರಿಸಬೇಕು: 0, 1, 2. ಇಷ್ಟೇ ಕೆಲಸ. ಬರೆದದ್ದು ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ. ಅದರಲ್ಲಿ ವೇರಿಯಬಲ್ (ವ್ಯಾಲ್ಯೂ ಇಟ್ಟುಕೊಳ್ಳುವ ಹೆಸರು) ಡಿಕ್ಲೇರ್ ಮಾಡಲು, ಅಂದರೆ ಹೊಸದಾಗಿ ಹುಟ್ಟಿಸಲು, ವಾರ್, ಲೆಟ್, ಕಾನ್ಸ್ಟ್ ಎಂಬ ಮೂರು ಪದಗಳಿವೆ. ಒಂದೇ ಕೆಲಸವನ್ನು ಸುತ್ತು ಸುತ್ತಾಗಿ ಮಾಡಿಸುವ ಫಾರ್ ಲೂಪಿನ ಎಣಿಕೆಗೆ ವಾರ್ ಬಳಸಿದ್ದೆ. ಯಾವುದನ್ನು ಒತ್ತಿದರೂ 3! ಆ ನಂಬರಿನ ಬಟನ್ನೇ ಅಲ್ಲಿಲ್ಲ. ಅರ್ಧ ದಿನ ಬಟನ್‌ಗಳ ಮೇಲೇ ಅನುಮಾನಪಟ್ಟೆ. ಕೊನೆಗೆ ವಾರ್ ಅಳಿಸಿ ಲೆಟ್ ಎಂದು ಬರೆದೆ. ಬೇರೆ ಒಂದಕ್ಷರವನ್ನೂ ಮುಟ್ಟಲಿಲ್ಲ, ಸರಿಹೋಯಿತು.

ವಾರ್‌ಗೆ ಫಂಕ್ಷನ್ನಿನ (ಒಂದು ಕೆಲಸಕ್ಕೆಂದು ಹೆಣೆದ ಕೋಡಿನ ತುಣುಕು) ಗಡಿ ಮಾತ್ರ ಗೊತ್ತು. ಲೂಪಿನ ಕರ್ಲಿ ಬ್ರಾಕೆಟ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಹಾಗಾಗಿ ಮೂರೂ ಬಟನ್‌ಗಳು ನೋಡುತ್ತಿದ್ದದ್ದು ಒಂದೇ ವೇರಿಯಬಲ್ಲನ್ನು. ನಾನು ಒತ್ತುವ ಹೊತ್ತಿಗೆ ಲೂಪ್ ಮುಗಿದು ಅದು 3 ಆಗಿ ಕೂತಿತ್ತು. ಲೆಟ್ ಆದರೆ ಪ್ರತಿ ಸುತ್ತಿಗೂ ಹೊಸ ವೇರಿಯಬಲ್ ಸಿಗುತ್ತದೆ.

ತಪ್ಪು ಮಾಡಿದರೂ ಸುಮ್ನೆ ಇರುವುದು ವಾರ್‌ನ ಇನ್ನೊಂದು ಬುದ್ಧಿ. ಒಂದೇ ಹೆಸರನ್ನು ಎರಡು ಸಲ ಡಿಕ್ಲೇರ್ ಮಾಡಿದೆ, ತಕರಾರಿಲ್ಲ. ಡಿಕ್ಲೇರ್ ಮಾಡುವ ಸಾಲಿಗಿಂತ ಮೊದಲೇ ಬಳಸಿದೆ, ‘ಅನ್‌ಡಿಫೈನ್ಡ್’ ಎಂದು ತಣ್ಣಗೆ ಹೇಳಿತು. ಲೆಟ್ ಹಾಗಲ್ಲ. ಮೊದಲನೆಯದಕ್ಕೆ ಸಿಂಟ್ಯಾಕ್ಸ್ ಎರರ್, ಎರಡನೆಯದಕ್ಕೆ ರೆಫರೆನ್ಸ್ ಎರರ್. ಕೆಂಪು ಅಕ್ಷರ ಕಂಡರೆ ಹೊಸಬರಿಗೆ ಎದೆ ಧಸಕ್ಕೆನ್ನುತ್ತದೆ, ಗೊತ್ತು. ಆದರೂ ಸಾಲಿನ ನಂಬರ್ ಹೇಳಿ ಬೈಯುವುದೇ ವಾಸಿ, ಅಲ್ವಾ?

ಹುಮ್ಮಸ್ಸಿನಲ್ಲಿ ಆಮೇಲೆ ಎಲ್ಲವನ್ನೂ ಕಾನ್ಸ್ಟ್ ಮಾಡಿದೆ. ಅದಕ್ಕೆ ವ್ಯಾಲ್ಯೂವನ್ನು ಡಿಕ್ಲೇರ್ ಮಾಡುವಾಗಲೇ ಕೊಡಬೇಕು, ಆಮೇಲೆ ಬೇರೆಯದು ಕೊಡುವ ಹಾಗಿಲ್ಲ. ಲೂಪ್ ಮೊದಲ ಸುತ್ತು ಮುಗಿಸಿತು. ಎಣಿಕೆಗೆ ಒಂದು ಸೇರಿಸಲು ಹೋದಾಗ ಟೈಪ್ ಎರರ್ ಬಂದು ನಿಂತಿತು. ಅದು ನಿರೀಕ್ಷಿಸಿದ್ದೇ. ಬೆಚ್ಚಿಬಿದ್ದದ್ದು ಅರೇ, ಅಂದರೆ ಐಟಂಗಳ ಪಟ್ಟಿಯ, ವಿಷಯದಲ್ಲಿ. ಕಾನ್ಸ್ಟ್ ಅರೇಗೆ ಪುಶ್ ಮಾಡಿದರೆ ಹೊಸ ಐಟಂ ಆರಾಮವಾಗಿ ಸೇರಿಕೊಂಡಿತು! ಕಾನ್ಸ್ಟ್ ಬಿಗಿಯಾಗಿ ಹಿಡಿಯುವುದು ಹೆಸರನ್ನು. ಆ ಹೆಸರನ್ನು ಬೇರೆ ಅರೇಗೆ ಕೊಡುವಂತಿಲ್ಲ, ಅಷ್ಟೇ. ಅರೇಯ ಒಳಗೆ ಏನಾದರೂ ಅದು ಕೇಳುವುದಿಲ್ಲ. ಅದನ್ನೂ ತಡೆಯಬೇಕಿದ್ದರೆ ಆಬ್ಜೆಕ್ಟ್ ಫ್ರೀಜ್ ಎಂಬ ಬೇರೆ ಫಂಕ್ಷನ್ ಬೇಕು.

ವಾರ್ 1995ರಲ್ಲಿ ಭಾಷೆ ಹುಟ್ಟಿದಾಗಿನಿಂದ ಇದೆ. ಲೆಟ್, ಕಾನ್ಸ್ಟ್ ಅಧಿಕೃತವಾಗಿ ಸೇರಿದ್ದು 2015ರಲ್ಲಿ, ಇಎಸ್6 ಎಂಬ ಆವೃತ್ತಿಯಲ್ಲಿ. ಹಳೆ ಕೋಡಿನಲ್ಲಿ ವಾರ್ ಜಾಸ್ತಿ ಕಾಣುವುದು ಅದಕ್ಕೇ. ಹಾಗಾಗಿ ಅದನ್ನು ಓದಲು ಬರಬೇಕು. ಬರೆಯುವುದನ್ನು ನಾನಂತೂ ಬಿಟ್ಟೆ. ಈಗ ಮೊದಲು ಕಾನ್ಸ್ಟ್ ಬರೆಯುತ್ತೇನೆ, ವ್ಯಾಲ್ಯೂ ಬದಲಾಗಲೇಬೇಕು ಎಂದಾದರೆ ಮಾತ್ರ ಲೆಟ್. ಆ ಬಟನ್ ಪ್ರೋಗ್ರಾಮನ್ನು ಹೀಗೆ ತಿದ್ದಿದ ಮೇಲೆ ಲೆಟ್ ಉಳಿದದ್ದು ಒಂದೇ ಕಡೆ: ಅದೇ ಲೂಪಿನ ಎಣಿಕೆ.