ಡಿಒಎಜೆ: ಒಳ್ಳೆಯ ಜರಡಿ, ಆದರೆ ಕಣ್ಣು ಸ್ವಲ್ಪ ದೊಡ್ಡದು

ಸಂಶೋಧನಾ ಪೇಪರ್ ಕಳಿಸುವ ಮುಂಚೆ ನಾನು ಮೊದಲು ತೆರೆಯುವ ತಾಣ ಡಿಒಎಜೆ, ಅಂದರೆ ಡೈರೆಕ್ಟರಿ ಆಫ್ ಓಪನ್ ಆಕ್ಸೆಸ್ ಜರ್ನಲ್ಸ್. ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದಾದ ಸಂಶೋಧನಾ ಜರ್ನಲ್‌ಗಳ ಪಟ್ಟಿ ಇದು. ಲಾಗಿನ್ ಬೇಡ, ಚಂದಾ ಇಲ್ಲ.

ಇಲ್ಲಿ ಪ್ರತಿ ಜರ್ನಲ್‌ಗೂ ಒಂದು ಪುಟ ಇರುತ್ತದೆ. ಪ್ರಕಟಣೆಗೆ ಶುಲ್ಕ ಎಷ್ಟು, ವಿನಾಯಿತಿ ಕೊಡುತ್ತಾರಾ, ಪೀರ್ ರಿವ್ಯೂ (ಅದೇ ವಿಷಯದ ತಜ್ಞರು ಮಾಡುವ ಪರಿಶೀಲನೆ) ಯಾವ ಬಗೆಯದು, ಲೇಖನ ಅಚ್ಚಾಗಲು ಸರಾಸರಿ ಎಷ್ಟು ವಾರ, ಎಲ್ಲ ಒಂದೇ ಕಡೆ. ಶುಲ್ಕವೇ ಇಲ್ಲದ ಜರ್ನಲ್‌ಗಳನ್ನಷ್ಟೇ ಸೋಸಿ ನೋಡಬಹುದು. ಪೇಪರ್ ಅಕ್ಸೆಪ್ಟ್ ಆದ ಮೇಲೆ ದುಡ್ಡಿನ ಮಾತು ಎತ್ತುವವರ ಕೈಗೆ ಸಿಕ್ಕವರಿಗೆ ಇದರ ಬೆಲೆ ಗೊತ್ತು.

ಈಚೆಗೆ ನನಗೊಂದು ಆಹ್ವಾನದ ಮೇಲ್ ಬಂತು. ಜರ್ನಲ್ ಹೆಸರು ಪರಿಚಿತ, ಐಎಸ್‌ಎಸ್‌ಎನ್ (ಪ್ರತಿ ಜರ್ನಲ್‌ನ ಗುರುತಿನ ಸಂಖ್ಯೆ) ಸರಿಯಾಗಿದೆ, ಸಂಪಾದಕ ಮಂಡಳಿ ಭರ್ಜರಿ. 'ಐದೇ ದಿನದಲ್ಲಿ ರಿವ್ಯೂ' ಅನ್ನುವ ಸಾಲು ಮಾತ್ರ ಯಾಕೋ ಸರಿ ಕಾಣಲಿಲ್ಲ. ಐಎಸ್‌ಎಸ್‌ಎನ್ ಹಾಕಿ ಡಿಒಎಜೆಯಲ್ಲಿ ಹುಡುಕಿದೆ. ಜರ್ನಲ್ ಸಿಕ್ಕಿತು. ಆದರೆ ಅಲ್ಲಿದ್ದ ವೆಬ್ ವಿಳಾಸವೇ ಬೇರೆ. ಮೇಲ್‌ನಲ್ಲಿದ್ದದ್ದಕ್ಕೆ ನಡುವೆ ಒಂದು ಪುಟ್ಟ ಅಡ್ಡಗೆರೆ ಜಾಸ್ತಿ, ಅಷ್ಟೇ! ಅಸಲಿ ಜರ್ನಲ್‌ನ ವೇಷ ಹಾಕಿದ ತಾಣ ಅದು. ಇಂಥವನ್ನು ಹೈಜಾಕ್ ಆದ ಜರ್ನಲ್ ಅನ್ನುತ್ತಾರೆ. ಹಿಂಪಡೆದ ಪೇಪರ್‌ಗಳ ಮೇಲೆ ಕಣ್ಣಿಡುವ ರಿಟ್ರ್ಯಾಕ್ಷನ್ ವಾಚ್ ತಾಣದವರು ಇವುಗಳದ್ದೇ ಒಂದು ಪಟ್ಟಿ ಇಟ್ಟಿದ್ದಾರೆ. ಮೇಲ್‌ನಲ್ಲಿರುವ ಲಿಂಕ್ ಒತ್ತಬೇಡಿ, ಡಿಒಎಜೆ ಪುಟದಿಂದಲೇ ಒಳಗೆ ಹೋಗಿ.

ಹಾಗಂತ ಡಿಒಎಜೆ ಪಟ್ಟಿಯಲ್ಲಿರುವುದೆಲ್ಲ ಅಪರಂಜಿ ಅಲ್ಲ. 2013ರಲ್ಲಿ ವಿಜ್ಞಾನ ಪತ್ರಕರ್ತ ಜಾನ್ ಬೊಹಾನನ್ ಬೇಕೆಂದೇ ತಪ್ಪು ತುಂಬಿದ ಪೇಪರನ್ನು 304 ಜರ್ನಲ್‌ಗಳಿಗೆ ಕಳಿಸಿದರು. 157 ಜರ್ನಲ್‌ಗಳು ಒಪ್ಪಿಕೊಂಡವು. ಡಿಒಎಜೆಯಲ್ಲಿದ್ದವೂ ಅದರಲ್ಲಿ ಸೇರಿದ್ದವು. ಆಮೇಲೆ ಡಿಒಎಜೆ ನಿಯಮ ಬಿಗಿಯಾಯಿತು, ಪಟ್ಟಿಯಲ್ಲಿದ್ದ ಎಲ್ಲರೂ ಹೊಸದಾಗಿ ಅರ್ಜಿ ಹಾಕಬೇಕಾಯಿತು. ಹಾಕದ ಮೂರು ಸಾವಿರಕ್ಕೂ ಹೆಚ್ಚು ಜರ್ನಲ್‌ಗಳನ್ನು 2016ರಲ್ಲಿ ಕೈಬಿಟ್ಟರು. ಈಗಲೂ ಇವರು ನೋಡುವುದು ಜರ್ನಲ್ ನಡೆಸುವ ರೀತಿಯನ್ನು. ಲೇಖನಗಳಲ್ಲಿ ತಿರುಳಿದೆಯಾ ಅನ್ನುವುದನ್ನು ನಾವೇ ಹಳೆಯ ಸಂಚಿಕೆ ತೆಗೆದು ಓದಬೇಕು, ಬೇರೆ ದಾರಿ ಇಲ್ಲ.

ಚಂದಾ ಕಟ್ಟಿ ಓದುವ ಜರ್ನಲ್‌ಗಳು ಇಲ್ಲಿ ಇರುವುದೇ ಇಲ್ಲ. ಹೆಸರು ಸಿಗಲಿಲ್ಲ ಅಂತ ಸುಮ್ನೆ ಗಾಬರಿಯಾಗಬೇಡಿ. ಇಂಪ್ಯಾಕ್ಟ್ ಫ್ಯಾಕ್ಟರ್ (ಜರ್ನಲ್‌ನ ಲೇಖನಗಳನ್ನು ಬೇರೆಯವರು ಸರಾಸರಿ ಎಷ್ಟು ಬಾರಿ ಉಲ್ಲೇಖಿಸಿದ್ದಾರೆ ಅನ್ನುವ ಅಂಕಿ) ಕೂಡ ಇಲ್ಲಿಲ್ಲ. ಅದು ಕ್ಲಾರಿವೇಟ್ ಕಂಪನಿಯ ಲೆಕ್ಕ.

ನನ್ನ ತಕರಾರು ಒಂದೇ. ಪಟ್ಟಿಯಿಂದ ತೆಗೆದ ಜರ್ನಲ್‌ಗಳ ವಿವರ ಕಾರಣ ಸಮೇತ ಇದೆ, ಆದರೆ ಅದಕ್ಕೆ ಬೇರೆ ಸ್ಪ್ರೆಡ್‌ಶೀಟ್ ತೆರೆಯಬೇಕು. ಮಾಮೂಲಿ ಹುಡುಕಾಟದಲ್ಲಿ ಅದು ಬರುವುದಿಲ್ಲ. ಹೊಸಬರು ಮೊದಲು ನೋಡಬೇಕಾದದ್ದೇ ಅದು, ಅಲ್ವಾ? ಅದಕ್ಕೇ ಐದರಲ್ಲಿ ಒಂದು ಸ್ಟಾರ್ ಕಟ್.